ಇಂಡಿ–ಸಿಂದಗಿ ಕಡೆಯಿಂದ ಒಂದು ಪ್ರತ್ಯುತ್ತರ

ಗ್ಯಾರಂಟಿ ಯೋಜನೆಗಳು ಜಾರಿಗೆ ಬಂದಾಗಿನಿಂದ ಬೆಂಗಳೂರಿನ ಟಿವಿ ಚರ್ಚೆಯಲ್ಲೂ ವಿಜಯಪುರದ ಚಹಾದಂಗಡಿಯಲ್ಲೂ ಒಂದೇ ಬಗೆಯ ಮಾತು ಕೇಳಿಬರುತ್ತಿದೆ. ಜನ ಸೋಮಾರಿಗಳಾದರು, ಖಜಾನೆ ಬರಿದಾಯಿತು, ಬೆಂಗಳೂರು ದುಡಿದದ್ದನ್ನು ಉತ್ತರದವರು ತಿನ್ನುತ್ತಿದ್ದಾರೆ, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಹೀಗೆ ಹೇಳುವವರಲ್ಲಿ ಓದಿದವರಿದ್ದಾರೆ, ಆದಾಯ ತೆರಿಗೆ ಕಟ್ಟುವವರಿದ್ದಾರೆ, ನಮ್ಮ ಕಡೆಯ ದೊಡ್ಡ ಹಿಡುವಳಿದಾರರೂ ಇದ್ದಾರೆ. ಅವರ ಮಾತನ್ನು ಬೈದು ತಳ್ಳಿಹಾಕುವುದಕ್ಕಿಂತ ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುವುದು ಮೇಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಡತನಕ್ಕೆ ಕೈಕೊಟ್ಟ ಮಳೆಯಷ್ಟೇ ಕಾರಣವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಯಾವ ಬೆಳೆಗೆ ಯಾವ ಬೆಲೆ, ಯಾರ ಸಾಲಕ್ಕೆ ಯಾವ ನಿಯಮ, ಯಾರ ಭೂಮಿ ಮುಳುಗಬೇಕು, ಯಾರಿಗೆ ತೆರಿಗೆ ಇಳಿಯಬೇಕು ಎಂದು ಕುಳಿತು ತೀರ್ಮಾನಿಸಿದವರಿದ್ದಾರೆ. ಆ ತೀರ್ಮಾನಗಳಿಂದ ಕಳೆದುಕೊಂಡವರು ಇಲ್ಲಿದ್ದಾರೆ. ಅದಕ್ಕೇ ಇಲ್ಲಿಗೆ ಬರುವ ದುಡ್ಡನ್ನು ನಾನು ಬಾಕಿ ಎಂದೇ ಲೆಕ್ಕ ಹಿಡಿಯುತ್ತೇನೆ.

"ಎರಡು ಸಾವಿರ ರೂಪಾಯಿ, ಮೇಲೆ ಅಕ್ಕಿ ಸಿಕ್ಕರೆ ಯಾರು ದುಡಿಯುತ್ತಾರೆ? ಹೊಲಕ್ಕೆ ಆಳು ಸಿಗುತ್ತಿಲ್ಲ." ಎಲ್ಲರ ಬಾಯಲ್ಲೂ ಮೊದಲು ಬರುವ ಆರೋಪ ಇದೇ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 67 ರೂಪಾಯಿಯೂ ಪೂರ್ತಿ ಆಗುವುದಿಲ್ಲ, ಅದೂ ಇಡೀ ಮನೆಗೆ. ಎಣ್ಣೆ, ಬೇಳೆ, ಮಕ್ಕಳ ನೋಟ್‌ಬುಕ್ಕು, ಮುದುಕರ ಬಿಪಿ ಗುಳಿಗೆ ಇವುಗಳಲ್ಲೇ ಅದು ಕರಗುತ್ತದೆ. ಇಷ್ಟಕ್ಕೆ ದುಡಿಮೆ ಬಿಟ್ಟು ಕೂರುವ ಮನೆ ಯಾವುದು?

ದುಡಿಯದವರು ಎಂದು ನೀವು ಕರೆಯುವ ಜನರನ್ನು ನೋಡಬೇಕೆಂದರೆ ದೀಪಾವಳಿಯ ಆಸುಪಾಸಿನಲ್ಲಿ ಮುದ್ದೇಬಿಹಾಳ ಅಥವಾ ಸಿಂದಗಿ ಕಡೆಯ ಒಂದು ತಾಂಡಾಕ್ಕೆ ಬನ್ನಿ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಜೋಳದ ಚೀಲ, ತಾಡಪತ್ರಿ, ಕೊಡ, ಸ್ಟವ್ವು, ಕಬ್ಬು ಕಡಿಯುವ ಕೊಯ್ತಾ, ಇವುಗಳ ಸಂದಿಯಲ್ಲಿ ಶಾಲೆಯಲ್ಲಿ ಇರಬೇಕಾಗಿದ್ದ ಮಕ್ಕಳು. ಗುಳೆ ಹೊರಟಿರುತ್ತಾರೆ. ಕೂಲಿಯಾಳುಗಳನ್ನು ಒದಗಿಸುವ ಮುಕಾದಮನಿಂದ ಮಳೆಗಾಲದಲ್ಲೇ ಮುಂಗಡ ತಂದಾಗಿರುತ್ತದೆ. ಆ ದುಡ್ಡು ಮದುವೆಗೋ ಆಸ್ಪತ್ರೆಗೋ ಹಳೇ ಸಾಲಕ್ಕೋ ಹೋಗಿರುತ್ತದೆ. ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಮುಂಗಡ ತೀರುವ ತನಕ ಇಬ್ಬರೂ ಕಡಿಯಬೇಕು, ಕಟ್ಟಬೇಕು, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಲಾರಿ ನಟ್ಟನಡುರಾತ್ರಿ ಬಂದರೂ ಏಳಬೇಕು. ಹಂಗಾಮು ಮುಗಿಯುವ ಹೊತ್ತಿಗೆ ತೀರದ ದುಡ್ಡು ಮುಂದಿನ ವರ್ಷದ ತಲೆಗೆ. ಕಬ್ಬಿಗೆ ಹೋಗದವರು ಗೋವಾದ ಕಟ್ಟಡಗಳಿಗೆ, ಪುಣೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಬೀಗ ಹಾಕಿದ ಬಾಗಿಲುಗಳನ್ನು ಕಾಯುತ್ತ. ಈ ಜನರನ್ನು ಸೋಮಾರಿಗಳು ಎಂದು ಕರೆಯುವ ಮೊದಲು ಒಂದು ದಿನ ಅವರ ಜೊತೆ ಕಬ್ಬಿನ ಗದ್ದೆಯಲ್ಲಿ ನಿಲ್ಲಬೇಕು.

ಆಳು ಸಿಗುತ್ತಿಲ್ಲ ಎಂಬ ದೂರಿನಲ್ಲಿ ಅರ್ಧ ನಿಜವಿದೆ. ಹಿಂದೆ ಕೊಟ್ಟಷ್ಟು ಕೂಲಿಗೆ, ಕರೆದ ಹೊತ್ತಿಗೆ ಆಳು ಸಿಗುತ್ತಿಲ್ಲ. ಗಂಡಾಳಿಗಿಂತ ಬಹಳ ಕಡಿಮೆ ಕೂಲಿಗೆ ಬಂದು ಕಸ ತೆಗೆಯುತ್ತಿದ್ದ ಹೆಣ್ಣುಮಗಳು ಈಗ "ಇಷ್ಟು ಕೊಟ್ಟರೆ ಬರ್ತೀನಿ" ಎನ್ನುವಷ್ಟು ಧೈರ್ಯ ಪಡೆದಿದ್ದಾಳೆ. ನನಗೆ ಇದು ಒಳ್ಳೆಯ ಬದಲಾವಣೆ. ಚರಿತ್ರೆಯುದ್ದಕ್ಕೂ ಅಗ್ಗದ ಕೂಲಿ ನಿಂತಿದ್ದು ಹೊಟ್ಟೆಯ ಹಸಿವಿನ ಮೇಲೆ. ಹಸಿವು ತುಸು ಹಿಂದೆ ಸರಿದರೆ ಕೂಲಿ ಮೇಲೇಳುತ್ತದೆ. ಉದ್ಯೋಗ ಖಾತ್ರಿಯ ಮೇಲೂ ಇದೇ ಸಿಟ್ಟಿತ್ತು. 2025-26ಕ್ಕೆ ಕರ್ನಾಟಕದಲ್ಲಿ ಅದರ ದಿನಗೂಲಿ 370 ರೂಪಾಯಿ. ಹೆಣ್ಣಿಗೂ ಗಂಡಿಗೂ ಒಂದೇ. ಹಳ್ಳಿಯಲ್ಲಿ ಸಮಾನ ಕೂಲಿ ಎಂಬುದನ್ನು ಕಣ್ಣಾರೆ ತೋರಿಸಿದ್ದೇ ಆ ಕೆರೆ ಹೂಳೆತ್ತುವ ಕೆಲಸ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ತಂದಿತು. ದಿನಗಳನ್ನು 125ಕ್ಕೆ ಏರಿಸಿದೆ, ಸರಿ. ಆದರೆ ವೆಚ್ಚದಲ್ಲಿ ನೂರಕ್ಕೆ 40 ಪಾಲು ರಾಜ್ಯದ ಹೆಗಲಿಗೆ ಬಿತ್ತು, ಬಿತ್ತನೆ-ಸುಗ್ಗಿಯ ಕಾಲಕ್ಕೆ ವರ್ಷದಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸಲು ಅವಕಾಶವೂ ಬಂತು. ಕೂಲಿಯವಳಿಗೆ ಚೌಕಾಸಿ ಮಾಡುವ ಬಲ ಬೇಕಾಗಿದ್ದದ್ದು ಆ 60 ದಿನದಲ್ಲೇ.

ಕೆಲವರು ಇಲ್ಲಿ ಬಸವಣ್ಣನವರನ್ನು ಎಳೆದು ತರುತ್ತಾರೆ. ಕಾಯಕದ ತತ್ವ ಹುಟ್ಟಿದ ನೆಲ, ಬಾಗೇವಾಡಿಯವರು ಕೈಚಾಚಬಾರದು ಎನ್ನುತ್ತಾರೆ. 2024ರ ಜನವರಿಯಲ್ಲಿ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲಂತೂ ಈ ಮಾತು ಹೆಚ್ಚಾಗಿದೆ. ಕಾಯಕದ ಜೊತೆಗೆ ಶರಣರು ದಾಸೋಹವನ್ನೂ ಇಟ್ಟಿದ್ದರು. ದುಡಿದು ಬಂದುದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಸಮಾಜಕ್ಕೆ ಒಪ್ಪಿಸಬೇಕು ಎಂಬ ಆ ಅರ್ಧವನ್ನು ಬಿಟ್ಟು ಬಡವರಿಗೆ ಮಾತ್ರ ಕಾಯಕದ ಪಾಠ ಹೇಳುವುದು ಶರಣರಿಗೆ ಮಾಡುವ ಅನ್ಯಾಯ.

ಖಜಾನೆಯ ಮಾತಿಗೆ ಬರೋಣ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ವಿತ್ತೀಯ ಕೊರತೆಯ ಅಂದಾಜು ರಾಜ್ಯದ ಒಟ್ಟು ಉತ್ಪನ್ನದ ಶೇ 2.95, ಒಟ್ಟು ಸಾಲ ಶೇ 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆ ಹಾಕಿದ ಮಿತಿ ಶೇ 3 ಮತ್ತು 25. ಮಿತಿಯ ಅಂಚಿಗೆ ಬಂದಿದ್ದೇವೆ, ರಾಜಸ್ವ ಕೊರತೆಯೂ ಇದೆ, ರಸ್ತೆ-ನೀರಾವರಿಗೆ ಹಣ ಬಿಗಿಯಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ದಿವಾಳಿ ಎಂಬುದನ್ನು ಒಪ್ಪುವುದಿಲ್ಲ.

ಇದೇ ಲೆಕ್ಕದ ಕಟ್ಟುನಿಟ್ಟು 2019ರ ಸೆಪ್ಟೆಂಬರಿನಲ್ಲಿ ಎಲ್ಲಿತ್ತು? ಆಗ ಕೇಂದ್ರ ಸರ್ಕಾರ ಕಂಪನಿಗಳ ಮೂಲ ತೆರಿಗೆ ದರವನ್ನು 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಹಣಕಾಸು ಸಚಿವರೇ ಹೇಳಿದರು. ನಮ್ಮ ಐದೂ ಗ್ಯಾರಂಟಿಗಳ ಎರಡೂವರೆ ಪಟ್ಟಿಗಿಂತ ಹೆಚ್ಚು. ರಾಜ್ಯದ ಖರ್ಚನ್ನು ಇಡೀ ದೇಶದ ತೆರಿಗೆ ಇಳಿಕೆಗೆ ಹೋಲಿಸಬಾರದು ಎಂದು ನೀವು ಹೇಳಬಹುದು. ಒಪ್ಪಿದೆ, ಗಾತ್ರ ಬಿಡೋಣ, ತತ್ವ ನೋಡೋಣ. ಕಂಪನಿಗೆ ಬಿಟ್ಟುಕೊಟ್ಟ ದುಡ್ಡು ಹೂಡಿಕೆಗೆ ಉತ್ತೇಜನ, ಆಲಮೇಲದ ಹೆಣ್ಣುಮಗಳ ಖಾತೆಗೆ ಬಂದ ದುಡ್ಡು ಪೋಲು ಎನ್ನಲು ಯಾವ ಅರ್ಥಶಾಸ್ತ್ರ? ಆ ಹೆಣ್ಣುಮಗಳು ತನ್ನ ದುಡ್ಡನ್ನು ವಾರದೊಳಗೆ ಊರಿನ ಸಂತೆಯಲ್ಲೇ ಖರ್ಚು ಮಾಡುತ್ತಾಳೆ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಹಿಟ್ಟಿನ ಗಿರಣಿಗೆ ಅದು ತಿರುಗುತ್ತದೆ.

ಸಾಲದ ವಿಷಯದಲ್ಲೂ ಎರಡು ತೂಕ. 2014-15ರಿಂದ ಹತ್ತು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 16.35 ಲಕ್ಷ ಕೋಟಿ ರೂಪಾಯಿ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದವು ಎಂದು ಸಂಸತ್ತಿಗೇ ತಿಳಿಸಲಾಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡ ಉದ್ದಿಮೆ ಮತ್ತು ಸೇವಾ ವಲಯದ್ದು. ರೈಟ್ ಆಫ್ ಅಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ನೀವು ತಿದ್ದುತ್ತೀರಿ. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ ದಿವಾಳಿ ಸಂಹಿತೆಯಡಿ ಬಗೆಹರಿದ ಕಂಪನಿಗಳ ಪ್ರಕರಣಗಳಲ್ಲಿ ಸಾಲ ಕೊಟ್ಟವರ ಕೈಗೆ ಸಿಕ್ಕಿರುವುದು ಒಪ್ಪಿಕೊಂಡ ಬಾಕಿಯ ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಬ್ಯಾಂಕು ನುಂಗಿಕೊಂಡಿತು, ಹೊಸ ಮಾಲೀಕ ಹಗುರಾಗಿ ಶುರು ಮಾಡಿದ. ಇಂಡಿಯ ಲಿಂಬೆ ರೈತನೊಬ್ಬ ಒಂದು ರೂಪಾಯಿಗೆ ಮೂವತ್ತೈದು ಪೈಸೆ ಕಟ್ಟಿ ಹೊಸದಾಗಿ ಶುರು ಮಾಡುತ್ತೇನೆ ಎಂದರೆ ಯಾವ ಬ್ಯಾಂಕು ಕೇಳೀತು? ಅವನ ಹೆಂಡತಿಯ ಬಂಗಾರ ಹರಾಜಿಗೆ ಹೋಗುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದೇ ವರ್ಷ ಬರ ಬಿತ್ತು, ಗಿಡ ಉಳಿಸಲು ಟ್ಯಾಂಕರ್ ನೀರು ಕೊಂಡವರು ಸಾಲ ಮಾಡಿದರು. ಆ ಬರಕ್ಕೆ ರಾಜ್ಯ ಕೇಳಿದ ಪರಿಹಾರ 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲಿನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಅದರ ಐದರಲ್ಲಿ ಒಂದು ಪಾಲಿಗೂ ಕಡಿಮೆ.

"ಬೆಂಬಲ ಬೆಲೆ, ಸಬ್ಸಿಡಿ ಇವೆಲ್ಲ ಮಾರುಕಟ್ಟೆಯನ್ನು ಕೆಡಿಸುತ್ತವೆ. ಬೇಡಿಕೆ-ಪೂರೈಕೆಗೆ ಬಿಡಿ." ಈ ವಾದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ನಾಲ್ಕೂ ತಾಲೂಕುಗಳ ಬದುಕು ತೊಗರಿಯ ಮೇಲಿದೆ, ಮತ್ತು ತೊಗರಿಯನ್ನು ಮಾರುಕಟ್ಟೆಗೆ ಯಾರೂ ಯಾವತ್ತೂ ಬಿಟ್ಟಿಲ್ಲ.

2015ರಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದಾಗ ನಗರಗಳಲ್ಲಿ ಕೂಗೆದ್ದಿತು. ರೈತರಿಗೆ ಬಿತ್ತಿರಿ ಎಂದರು, ಬಿತ್ತಿದರು. ಜೊತೆಗೇ 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದವಾಯಿತು. ಆ ವರ್ಷ ಬಂಪರ್ ಬೆಳೆ ಬಂತು. ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಬೇಕಾಯಿತು. ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟಿನಲ್ಲಿ. ನಮ್ಮ ಕಡೆ ತೊಗರಿ ರಾಶಿ ಆಗುವುದು ಸಂಕ್ರಾಂತಿಯ ಹಿಂದೆಮುಂದೆ. ಆಗಸ್ಟಿನ ಹೊತ್ತಿಗೆ ಸಣ್ಣ ರೈತನ ಮನೆಯಲ್ಲಿ ಬೀಜಕ್ಕೂ ತೊಗರಿ ಉಳಿದಿರಲಿಲ್ಲ. 2021ರ ಮೇ ತಿಂಗಳಲ್ಲಿ ಆಮದಿನ ಬಾಗಿಲು ಮತ್ತೆ ತೆರೆಯಿತು, ವರ್ಷ ವರ್ಷ ಅವಧಿ ವಿಸ್ತರಿಸುತ್ತ 2026ರ ಮಾರ್ಚ್ ತನಕ ತಂದರು. 2023ರ ಜೂನಿನಿಂದ ದಾಸ್ತಾನಿಗೂ ಮಿತಿ ಹಾಕಿದ್ದರು. 2025ರ ಆರಂಭದಲ್ಲಿ ಬೆಲೆ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು.

ಜನವರಿಯಲ್ಲಿ ತಾಳಿಕೋಟಿಯ ಎಪಿಎಂಸಿಯಲ್ಲಿ ನಿಂತು ನೋಡಿದರೆ ನಿಮ್ಮ ಬೇಡಿಕೆ-ಪೂರೈಕೆಯ ಮುಖ ಕಾಣುತ್ತದೆ. ದಲಾಲಿ ಅಂಗಡಿಯ ಮುಂದೆ ಸುರಿದ ಕಾಳನ್ನು ಖರೀದಿದಾರ ಅಂಗೈಗೆ ತಗೊಂಡು, ಎರಡು ಕಾಳು ಹಲ್ಲಿಗೆ ಹಾಕಿ ಕಟುಂ ಎನಿಸಿ, "ಹಸಿ ಐತಿ" ಅನ್ನುತ್ತಾನೆ. ಬೆಲೆ ಅಲ್ಲಿಗೆ ಇಳಿಯಿತು. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೋಗೋಣವೆಂದರೆ ನೋಂದಣಿ ಮುಗಿದಿಲ್ಲ, ಗೋಣಿಚೀಲ ಬಂದಿಲ್ಲ, ಎಕರೆಗೆ ಇಷ್ಟೇ ಎಂಬ ಮಿತಿ, ಮಾರಿದ ಮೇಲೆ ದುಡ್ಡಿಗೆ ಕಾಯಬೇಕು. ಬೀಜ-ಗೊಬ್ಬರ ಉದ್ರಿ ಕೊಟ್ಟ ಅಂಗಡಿಯವನೇ ದಲಾಲಿಯೂ ಆಗಿದ್ದರೆ ರೈತನಿಗೆ ಬೇರೆ ಕಡೆ ಹೋಗುವ ದಾರಿಯೇ ಇಲ್ಲ. ಬೆಲೆ ಏರುವಾಗ ಆಮದು, ದಾಸ್ತಾನು ಮಿತಿ ಎಂದು ಸರ್ಕಾರ ಕೈ ಹಾಕುತ್ತದೆ. ಬೆಲೆ ಬೀಳುವಾಗ ಮಾತ್ರ ನೀವು ಮಾರುಕಟ್ಟೆಯ ಸ್ವಾತಂತ್ರ್ಯ ನೆನಪಿಸುತ್ತೀರಿ.

ಬೇಳೆ ಕೊಳ್ಳುವ ಬಡವರೂ ಇದ್ದಾರಲ್ಲ ಎಂದು ಕೇಳುವಿರಿ. ಇದ್ದಾರೆ, ಅವರಲ್ಲಿ ಗುಳೆ ಹೋದ ನಮ್ಮವರೂ ಇದ್ದಾರೆ. ಅವರನ್ನು ಕಾಪಾಡಲು ಬೆಳೆದವನ ಬೆಲೆ ಮುರಿಯಬೇಕಿಲ್ಲ. ಬೆಂಬಲ ಬೆಲೆಗೆ ಇಲ್ಲೇ ಕೊಂಡು ಪಡಿತರದಲ್ಲಿ ಹಂಚಬಹುದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ಆ ಬೇಳೆ ವಿಜಯಪುರ, ಕಲಬುರಗಿ, ಯಾದಗಿರಿಯ ಹೊಲದ್ದೇ ಆಗಿರಬೇಕು, ಟೆಂಡರಿನಲ್ಲಿ ಹಡಗಿನಿಂದ ಇಳಿದದ್ದು ಆಗಬಾರದು. ಆಗ ಹೊಲದೊಡೆಯನೂ ಆಳಿಗೆ ನ್ಯಾಯದ ಕೂಲಿ ಕೊಡುವ ಸ್ಥಿತಿಗೆ ಬರುತ್ತಾನೆ.

"ಅಸಮಾನತೆ ಎಂಬುದೇ ಎಡಪಂಥೀಯರ ಕಟ್ಟುಕಥೆ. ಭಾರತ ಜಗತ್ತಿನ ನಾಲ್ಕನೆಯ ಅತಿ ಸಮಾನ ದೇಶ." 2025ರ ಜುಲೈನಲ್ಲಿ ಹರಡಿದ ಈ ಹೇಳಿಕೆಯ ಆಧಾರ ವಿಶ್ವಬ್ಯಾಂಕಿನ ಗಿನಿ ಸೂಚ್ಯಂಕ 25.5. ಅದು ಅಳೆಯುವುದು ಮನೆಗಳು ಮಾಡುವ ಖರ್ಚನ್ನು. ಬೇರೆ ಎಷ್ಟೋ ದೇಶಗಳ ಅಂಕಿ ಆದಾಯದ್ದು. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕ್ರಮಾಂಕ ಕೊಡುವಂತಿಲ್ಲ. ಬಡವ ಬಂದದ್ದನ್ನೆಲ್ಲ ಖರ್ಚು ಮಾಡುತ್ತಾನೆ, ಸಾಲ ಮಾಡಿಯೂ ಖರ್ಚು ಮಾಡುತ್ತಾನೆ. ಶ್ರೀಮಂತನ ಆದಾಯದ ಬಹುಪಾಲು ಷೇರು, ನಿವೇಶನಗಳಿಗೆ ಹೋಗುತ್ತದೆ, ಮನೆಗೆ ಬರುವ ಸರ್ವೆಯವರ ಹಾಳೆಯಲ್ಲಿ ಅದು ಕಾಣುವುದಿಲ್ಲ. ಆದಾಯ ಮತ್ತು ಆಸ್ತಿಯನ್ನೇ ಅಳೆದ ಭಾರ್ತಿ, ಶಾನ್ಸೆಲ್, ಪಿಕೆಟ್ಟಿ, ಸೋಮಂಚಿ ಅವರ 2024ರ ಅಧ್ಯಯನದ ಪ್ರಕಾರ 2022-23ರಲ್ಲಿ ದೇಶದ ಮೇಲಿನ ಶೇ 1 ಜನರ ಕೈಯಲ್ಲಿ ಆದಾಯದ ಶೇ 22.6, ಸಂಪತ್ತಿನ ಶೇ 40.1 ಇತ್ತು. ಕೆಳಗಿನ ಅರ್ಧ ಜನಸಂಖ್ಯೆಗೆ ಸಂಪತ್ತಿನಲ್ಲಿ ಸಿಕ್ಕ ಪಾಲು ಶೇ 6.4.

ಇನ್ನು ಬೆಂಗಳೂರು ದುಡಿಯುತ್ತದೆ, ಉತ್ತರ ತಿನ್ನುತ್ತದೆ ಎಂಬುದು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು, ಇದು ನಿಜ. ಆದರೆ 15ನೇ ಹಣಕಾಸು ಆಯೋಗ ಕರ್ನಾಟಕದ ತೆರಿಗೆ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿದಾಗ ದೆಹಲಿಯ ಎದುರು ನಾವೆಲ್ಲ ಒಟ್ಟಾಗಿ ದನಿ ಎತ್ತಿದೆವು. ಕನ್ನಡಿಗರೆಲ್ಲರ ಪಾಲು ಎಂದೆವು. ದೆಹಲಿಯ ಮುಂದೆ ಒಂದಾದ ರಾಜ್ಯ ವಿಧಾನಸೌಧದ ಒಳಗೆ ಕೊಡುವವರು, ತಿನ್ನುವವರು ಎಂದು ಎರಡಾಗಬಾರದು.

ಉತ್ತರ ಕರ್ನಾಟಕ ಕೊಟ್ಟದ್ದೇನು ಎಂದು ಕೇಳುತ್ತೀರಿ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನಾಡಿಗೆ ಒಪ್ಪಿಸಿದ್ದು 2006ರಲ್ಲಿ. ನಡುವೆ ವಿಜಯಪುರ, ಬಾಗಲಕೋಟೆಯ ನೂರಕ್ಕೂ ಹೆಚ್ಚು ಹಳ್ಳಿಗಳು, ಕೃಷ್ಣೆಯ ದಡದ ಕಪ್ಪು ಎರೆಭೂಮಿ ನೀರಿನಡಿ ಹೋಯಿತು. 290 ಮೆಗಾವ್ಯಾಟ್ ವಿದ್ಯುತ್ ಅಲ್ಲಿ, 2,400 ಮೆಗಾವ್ಯಾಟ್ ಕೂಡಗಿಯ ಎನ್‌ಟಿಪಿಸಿ ಸ್ಥಾವರದಲ್ಲಿ. ಕಾರ್ಖಾನೆ ಬಂದರೆ ಉದ್ಧಾರವಾಗುತ್ತೀರಿ ಎಂದು ಹೇಳುವವರಿಗೂ ಕೂಡಗಿಯೇ ಉತ್ತರ. 2014ರ ಜುಲೈನಲ್ಲಿ ಪ್ರತಿಭಟಿಸಿದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಬೂದಿ ಬಾಗೇವಾಡಿಯ ಹೊಲಗಳಿಗೆ, ಬೆಳಕು ರಾಜ್ಯಕ್ಕೂ ನೆರೆರಾಜ್ಯಗಳಿಗೂ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಅಣೆಕಟ್ಟೆಯನ್ನು 519.60ರಿಂದ 524.256 ಮೀಟರಿಗೆ ಎತ್ತರಿಸಲು ಒಪ್ಪಿತು. ಅದು ಗೆಜೆಟ್ಟಿಗೆ ಬರದೆ ಕೂತಿದ್ದರಿಂದ ಕೃಷ್ಣಾ ಯೋಜನೆಯ ಮೂರನೇ ಹಂತದ 5.94 ಲಕ್ಷ ಹೆಕ್ಟೇರ್ ನೀರಾವರಿ ಕಾಗದದಲ್ಲಿದೆ. ಮುಳುಗಲಿರುವ ಭೂಮಿಗೆ ಎಕರೆಗೆ ಒಣಬೇಸಾಯಕ್ಕೆ 30 ಲಕ್ಷ, ನೀರಾವರಿಗೆ 40 ಲಕ್ಷ ಎಂದು ರಾಜ್ಯ ನಿಗದಿ ಮಾಡಿದ್ದೇ 2025ರ ಸೆಪ್ಟೆಂಬರಿನಲ್ಲಿ. ಇಷ್ಟು ವರ್ಷ ಮನೆ ಕಟ್ಟಲೂ ಆಗದೆ, ಹೊಲ ಮಾರಲೂ ಆಗದೆ ಕಾದ ಹಳ್ಳಿಗಳ ನಷ್ಟವನ್ನು ಯಾವ ಬಜೆಟ್ಟಿನಲ್ಲೂ ಬರೆದಿಲ್ಲ. ತೆರಿಗೆಯ ಮಾತಿಗೂ ಒಂದು ಸಾಲು ಸೇರಿಸುತ್ತೇನೆ: ಸಾಬೂನು, ಗೊಬ್ಬರ, ಮೊಬೈಲ್ ರೀಚಾರ್ಜ್, ಡೀಸೆಲ್ ಕೊಳ್ಳುವ ಪ್ರತಿಯೊಬ್ಬರೂ ತೆರಿಗೆ ಕಟ್ಟುತ್ತಾರೆ, ತಾಂಡಾದ ಅಜ್ಜಿಯೂ.

"ಕೊಟ್ಟ ದುಡ್ಡನ್ನು ನಿಮ್ಮ ನಾಯಕರೇ ತಿಂದರು." ವಿರೋಧಿಗಳ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು, ಏಕೆಂದರೆ ಇದರಲ್ಲಿ ಸತ್ಯ ಹೆಚ್ಚು. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ಜೂನಿನಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ನಮ್ಮ ನಾಲ್ಕೂ ಇವೆ. ಎಂಟು ವರ್ಷಗಳಲ್ಲಿ 31,000 ಕೋಟಿ ಹಾಕಿ ಎಂದಿತು ಸಮಿತಿ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ. ಘೋಷಿಸಿದಷ್ಟು ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗಲಿಲ್ಲ. ನಮ್ಮ ಜಿಲ್ಲೆಯಿಂದ ಗೆದ್ದು ಹೋದವರು, ಮಂತ್ರಿಯಾದವರು ಅದಕ್ಕಾಗಿ ಸದನದಲ್ಲಿ ಹಟ ಹಿಡಿದದ್ದು ಕಡಿಮೆ. ನಂತರ ಸಿಂದಗಿಯಿಂದ ದೇವರಹಿಪ್ಪರಗಿ, ಆಲಮೇಲ, ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ಕೊಲ್ಹಾರ, ನಿಡಗುಂದಿ ಎಂದು ಹೊಸ ತಾಲೂಕುಗಳು ಬಂದವು. ಬೋರ್ಡು ಬದಲಾದಷ್ಟು ಬೇಗ ಆಸ್ಪತ್ರೆ, ಕಾಲೇಜು ಬದಲಾಗಲಿಲ್ಲ.

ಆದರೆ ಇದಕ್ಕೆ ಶಿಕ್ಷೆ ಯಾರಿಗೆ? ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಾಗ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಉದ್ಯೋಗ, ಮೆಡಿಕಲ್ ಸೀಟುಗಳಲ್ಲಿ ಮೀಸಲಾತಿ ಸಿಕ್ಕಿತು, ಈಗ ಆ ಜಿಲ್ಲೆಗಳ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅನುದಾನ. ಅವರಿಗೆ ಅದು ಸಿಗಲೇಬೇಕಿತ್ತು, ಸಿಕ್ಕಿದ್ದಕ್ಕೆ ಸಂತೋಷ. ಆದರೆ ನಮ್ಮ ಜಿಲ್ಲೆ ಅದರ ಹೊರಗುಳಿಯಿತು. ತಾಳಿಕೋಟಿಯ ಹುಡುಗಿಗೆ ಹುಣಸಗಿ ಎಷ್ಟು ದೂರ? ಆಲಮೇಲದವರಿಗೆ ಅಫಜಲಪುರ? ಅದೇ ಎರೆಮಣ್ಣು, ಅದೇ ತೊಗರಿ, ಅದೇ ಗುಳೆ. ಒಂದು ಕಡೆ ನಿಜಾಮ, ಇನ್ನೊಂದು ಕಡೆ ಮುಂಬೈ ಸರ್ಕಾರ ಆಳಿತು ಎಂಬ ಕಾರಣಕ್ಕೆ ಒಬ್ಬಳಿಗೆ ಸೀಟು ಸಿಗುತ್ತದೆ, ಇನ್ನೊಬ್ಬಳಿಗೆ ಸಿಗುವುದಿಲ್ಲ. ನಾಯಕರು ತಪ್ಪಿದ್ದರೆ ಅವರ ಲೆಕ್ಕ ಕೇಳಬೇಕು. ಹಣವನ್ನು ತಾಲೂಕುವಾರು ಪ್ರಕಟಿಸಿ, ಗ್ರಾಮಸಭೆಯಲ್ಲಿ ಓದಿಸಿ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಹೊಸ ಸಮಿತಿ ರಚನೆಯಾಯಿತು. ಹಳೆಯ ವರದಿಗೆ ಆದ ಗತಿ ಇದಕ್ಕೂ ಆಗದಿರಲು ಈ ಬಾರಿ ಜಿಲ್ಲೆಯ ಗಡಿಯನ್ನು ಬಿಟ್ಟು ತಾಲೂಕಿನ ಸ್ಥಿತಿಯನ್ನೇ ಆಧಾರ ಮಾಡಿ, 371ಜೆಯಂಥ ಸೌಲಭ್ಯವನ್ನು ಹಿಂದುಳಿದ ಎಲ್ಲ ತಾಲೂಕುಗಳಿಗೆ ಒದಗಿಸುವ ದಾರಿ ಹುಡುಕಬೇಕು.

ಕೊನೆಗೆ ಉಳಿಯುವ ಪ್ರಶ್ನೆ, ದುಡ್ಡು ಎಲ್ಲಿಂದ? ಮೇಲಿನ ಶೇ 1 ಜನರಿಂದ ಎಂದರೆ ನೀವು ಸಂಪತ್ತು ತೆರಿಗೆಯ ಕಥೆ ಹೇಳುತ್ತೀರಿ. 2015ರ ಬಜೆಟ್ಟಿನಲ್ಲಿ ಅದನ್ನು ರದ್ದು ಮಾಡಿದಾಗ ಅರುಣ್ ಜೇಟ್ಲಿ ಕೊಟ್ಟ ಕಾರಣ, ಅದರಿಂದ ಬಂದದ್ದು ಸುಮಾರು 1,008 ಕೋಟಿ ಮಾತ್ರ, ವಸೂಲಿಯ ಖರ್ಚೇ ಹೆಚ್ಚು ಎಂದು. ಅಂಕಿ ಸರಿ. ಆದರೆ ಏಕೆ ಅಷ್ಟು ಕಡಿಮೆ ಬಂತು? 1993ರಿಂದ ಷೇರುಗಳಂಥ ಆಸ್ತಿ ಆ ತೆರಿಗೆಯ ಹೊರಗೇ ಇತ್ತು. ಬಂಗಾರ, ಕಾರು, ಖಾಲಿ ನಿವೇಶನಗಳ ಮೇಲೆ ಹಾಕಿ, ದೊಡ್ಡ ಸಂಪತ್ತು ಇರುವ ಕಡೆಯನ್ನೇ ಬಿಟ್ಟ ತೆರಿಗೆ ಹೆಚ್ಚು ತಂದುಕೊಡುವುದು ಹೇಗೆ? ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು 1985ರಲ್ಲೇ ಕೈಬಿಟ್ಟಿದ್ದರು. ಈಗ ಷೇರು ಡಿಮ್ಯಾಟ್ ಖಾತೆಯಲ್ಲಿದೆ, ಅದರ ಬೆಲೆ ದಿನವೂ ಪರದೆಯ ಮೇಲೆ ಕಾಣುತ್ತದೆ, ಯಾರ ಹೆಸರಲ್ಲಿ ಎಷ್ಟಿದೆ ಎಂಬುದು ಸರ್ಕಾರಕ್ಕೆ ಗೊತ್ತಿದೆ. ಸಿಂದಗಿಯ ರೈತನ ಪಹಣಿ, ಆಧಾರ್, ಸಾಲದ ಖಾತೆ ಮೂರನ್ನೂ ಜೋಡಿಸಿ ಎಕರೆಗೆ ಇಷ್ಟೇ ಕ್ವಿಂಟಲ್ ಎಂದು ಲೆಕ್ಕ ಹಾಕಬಲ್ಲ ಸರ್ಕಾರಕ್ಕೆ ನೂರು ಕೋಟಿ ಮೀರಿದ ಆಸ್ತಿಯ ಲೆಕ್ಕ ಹಿಡಿಯಲು ಆಗದು ಎಂಬುದನ್ನು ನಾನು ನಂಬುವುದಿಲ್ಲ. ಮುಂದಿನ ಬಜೆಟ್ಟಿನಲ್ಲಿ ಅದನ್ನು ಮಾಡಲಿ, ಬಂದ ಹಣದಲ್ಲಿ ರಾಜ್ಯಗಳ ಪಾಲನ್ನು ಕಾನೂನಿನಲ್ಲೇ ಬರೆಯಲಿ.